ಸಂಕಟಕ್ಕೆ ತಮಿಳಿನಲ್ಲಿ ಏನಂತಾರೆ

ನವೆಂಬರ್ 11, ಸೋಮವಾರ

ಮತ್ತೆ ಬೆಳಗಿನ ಬಸ್ಸು. ಮತ್ತೆ ದಿಂಬಂ ಘಾಟಿಯ ತಿರುವಿನಲ್ಲಿ ಸುನೀತಳಿಗೆ ವಾಂತಿ. ನರ್ಸ್ ಆಗುವವಳಂತೆ, ಕವರ್ ಹಿಡಿದು ಕೂತಿದ್ದಾಳೆ! ನಕ್ಕಿದ್ದಕ್ಕೆ ತೊಡೆ ಗಿಲ್ಲಿದಳು.

ಪ್ಲಸ್ ಟೂ ನರ್ಸಿಂಗ್ ಗ್ರೂಪಿನವರಿಗೆಲ್ಲ ಎರಡು ವಾರ ಪ್ರಾಕ್ಟಿಕಲ್, ಘಾಟಿ ಕೆಳಗಿನ ಆಸ್ಪತ್ರೆಯಲ್ಲಿ. ಸುನೀತ ಹೆರಿಗೆ ವಾರ್ಡಿಗೆ, ನಾನು ಹೆಂಗಸರ ಜನರಲ್ ವಾರ್ಡಿಗೆ. ಬೆಡ್‌ಶೀಟ್ ಬದಲಿಸು, ಬೆಡ್‌ಪ್ಯಾನ್ ಇಡು, ಟೆಂಪರೇಚರ್ ನೋಡು. ಜೊತೆಗೆ ನನಗೊಂದು ಸ್ಪೆಷಲ್ ಡ್ಯೂಟಿ — ಬಾಯಿ! ನಮ್ಮ ತಾಳವಾಡಿ ಬೆಟ್ಟದಿಂದ ಇಳಿದು ಬರುವ ಕನ್ನಡದ ಮುದುಕಿಯರಿಗೆ ಕಾಯಿಲೆ ಬಂದರೆ ಬರುವ ತಮಿಳೂ ಮರೆತುಹೋಗುತ್ತೆ. ವಾರ್ಡ್ ಸಿಸ್ಟರಿಗೆ ಕನ್ನಡ ಒಂದಕ್ಷರ ಬಾರದು. "ಮಮತಾ, ಎನ್ನ ಸೊಲ್ರಾಂಗ?" ಏನಂತಾರೆ ಇವರು, ಏನಂತಾರೆ ಇವರು... ದಿನವಿಡೀ ಇದೇ. ಪಟಪಟ ಹೇಳಿಬಿಡ್ತೀನಿ. ಹತ್ತರವರೆಗೆ ಕನ್ನಡ ಮೀಡಿಯಂ, ಪ್ಲಸ್ ಒನ್‌ನಿಂದ ಎಲ್ಲ ತಮಿಳು. ಆಗ ಪುಸ್ತಕ ಎಸೆದು ಅತ್ತವಳು ನಾನು. ಈಗ ನೋಡು.

ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. "ಕಂಡೋರ ಉಚ್ಚೆ ಬಳ್ಯಾಕ ಓದ್ಬೇಕಾಮ್ಮಿ?" ಅಂತಾನೆ. ಅದಲ್ಲಪ್ಪ... ಹೋಗಲಿ ಬಿಡು. ಬಿಳಿ ಕೋಟು ಹಾಕಿಕೊಂಡು ಸಂಬಳ ತಂದ ದಿನ ನೋಡುವಿಯಂತೆ.

ನವೆಂಬರ್ 13, ಬುಧವಾರ

ಇವತ್ತು ನಮ್ಮ ವಾರ್ಡಿಗೆ ಬಂದವರು ಯಾರು ಅಂದರೆ — ಸುನೀತಳ ಅಜ್ಜಿ ಭದ್ರಮ್ಮ! ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಗುತ್ತಿಲ್ಲ, ಸ್ವಲ್ಪ ದಿನ ಇಲ್ಲೇ ಡ್ರೆಸ್ಸಿಂಗು. ಸುನೀತಳ ಅಪ್ಪ ಸಿದ್ದೇಶಣ್ಣನೇ ಕರೆತಂದು ಸೇರಿಸಿದರು. ಕೋಸು ಕೊಯ್ಯುತ್ತಿದ್ದಾರೆ, ಲಾರಿ ಬಂದು ನಿಂತಿದೆ ಅಂತ ನಿಂತ ಕಾಲಲ್ಲೇ ಹೊರಟರು. "ಅವ್ವನ ಒಸಿ ನೋಡ್ಕಳವ್ವ. ನಾಳಿಕ್ಕ ಬಂದ್ಬುಡ್ತಿನಿ" ಅಂದರು ನನಗೆ.

ಅವರ ಹೊಲಕ್ಕೆ ಅಪ್ಪ ಅವ್ವ ಕೂಲಿಗೆ ಹೋಗುವುದು ನಾನು ಹುಟ್ಟುವ ಮೊದಲಿಂದ. ಆ ಮನೆಯ ಜಗಲಿ ದಾಟಿ ನಾವು ಯಾರೂ ಒಳಗೆ ಹೋದವರಲ್ಲ. ಸುನೀತ ಕರೀತಾಳೆ, ನಾನೇ ಹೋಗಲ್ಲ. ಇವತ್ತು ಪಲ್ಸ್ ನೋಡೋಕೆ ಅಜ್ಜಿಯ ಕೈ ಹಿಡಿಯಬೇಕು. ಸುಮ್ಮನೆ ನಿಂತೆ. ಅಜ್ಜಿ ನನ್ನನ್ನೇ ನೋಡಿದಳು.

"ಮಾದೇವಿ ಮಗ್ಳಲ್ವಾಮ್ಮಿ ನೀನು?"

ಹೂಂ ಅಂದೆ.

"ಇಡ್ಕ, ಇಡ್ಕ. ಇಲ್ಲಿ ಯಾರ್ ನೋಡರು?" ಅಂದು ನಕ್ಕಳು.

ನನಗೂ ನಗು ಬಂತು. ಸಿಟ್ಟೂ ಬಂತು. ಹಿಡಿದೆ. ನಮ್ಮವ್ವನ ಕೈಯಷ್ಟೇ ಒರಟು.

ನವೆಂಬರ್ 14, ಗುರುವಾರ

ಬೆಳಗ್ಗೆಯಿಂದ ಅಜ್ಜಿ ಬಾಯಿಗೆ ಬಿಡುವಿಲ್ಲ. ಇಲ್ಲಿಯ ಇಡ್ಲಿ ಕಲ್ಲು, ಸಾಂಬಾರು ನೀರು, ಪಕ್ಕದ ಬೆಡ್ಡಿನವಳದ್ದು ಗೊರಕೆ. ನಡುನಡುವೆ ಬಾಗಿಲ ಕಡೆ ನೋಡಿ, ನನ್ ಮಗ ಬಂದ್ನಾ, ಬಂದ್ನಾ.

ಮಧ್ಯಾಹ್ನ ಎರಡು ತುತ್ತು ತಿಂದು ತಟ್ಟೆ ತಳ್ಳಿದಳು. ನನ್ನ ಕೋಟು ಹಿಡಿದೆಳೆದಳು. "ಸಂಕ್ಟ ಕಣಮ್ಮಿ... ಬಾಳ ಸಂಕ್ಟ ಆಯ್ತಾ ಅದ." ಹಣೆಯೆಲ್ಲ ಬೆವರು. ಆ ಮೂಲೆಗೆ ಫ್ಯಾನ್ ಗಾಳಿ ಬರಲ್ಲ. ಒರೆಸಿದೆ.

ಸಿಸ್ಟರ್ ಆ ತುದಿಯಿಂದಲೇ ಕೇಳಿದರು — ಎನ್ನ ಸೊಲ್ರಾಂಗ?

"ಸಂಗಡಮಾ ಇರುಕ್ಕಾಂ, ಸಿಸ್ಟರ್. ಮಗ ಇನ್ನೂ ಬಂದಿಲ್ಲವಲ್ಲ, ಅದಕ್ಕೆ" ಅಂತ ತಮಿಳಲ್ಲಿ ಹೇಳಿದೆ. ಯೋಚನೆ ಕೂಡ ಮಾಡಬೇಕಾಗಲಿಲ್ಲ. ಎರಡು ಭಾಷೆಯಲ್ಲೂ ಒಂದೇ ಮಾತಿದ್ದರೆ ಎಷ್ಟು ಸುಲಭ!

ಪಾಪ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಪಕ್ಕದಲ್ಲಿ ಕೂತು ಮಾತಾಡಿಸು ಅಂದರು ಸಿಸ್ಟರ್. ಕೂತೆ. ಬೆನ್ನು ಸವರಿದೆ. ಸುನೀತ ಕೋಳಿಗೆ ಹೆದರಿ ತಿಪ್ಪೆಗೆ ಬಿದ್ದ ಕಥೆ ಹೇಳಿದೆ. ಅಜ್ಜಿ ಕಣ್ಣು ಬಿಡಲಿಲ್ಲ. "ಅಣ್ಣ ಬತ್ತರ ಕಣಜ್ಜಿ, ಲೋಡು ಕಳ್ಸ್ಬುಟ್ಟು ಬತ್ತರ" ಅಂದೆ. "ಊಂ" ಅಂದಳು. ಸುನೀತ ಬಂದವಳು, ಅಜ್ಜಿ ಮಲಗಿದ್ದಾಳೆ, ಎಬ್ಬಿಸೋದು ಬೇಡ ಅಂದಳು. ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿ ಹಿಡಿದಿದ್ದ ಕೈ ಮೆಲ್ಲಗೆ ಬಿಡಿಸಿಕೊಂಡು ಬಂದೆ.

ನರ್ಸಿಂಗ್ ಅಂದರೆ ಬರೀ ಸೂಜಿ ಮಾತ್ರೆ ಅಲ್ಲ ಅಂತ ಶಾಂಭವಿ ಟೀಚರ್ ಕ್ಲಾಸಿನಲ್ಲಿ ಹೇಳುವುದು ಇದನ್ನೇ ಇರಬೇಕು. ಇವತ್ತು ಒಂದು ಒಳ್ಳೆ ಕೆಲಸ ಮಾಡಿದೆ.

ನವೆಂಬರ್ 15, ಶುಕ್ರವಾರ

ಭದ್ರಮ್ಮಜ್ಜಿ ಹೋಗಿಬಿಟ್ಟಳು.

ನಿನ್ನೆ ಸಂಜೆಯೇ. ಹಾರ್ಟ್ ಅಟ್ಯಾಕ್ ಅಂತೆ. ನಮ್ಮ ಬಸ್ಸು ಘಾಟಿ ಹತ್ತುತ್ತಿತ್ತು, ಸಿದ್ದೇಶಣ್ಣ ಇಳಿಯುತ್ತಿದ್ದರು. ಯಾವುದೋ ತಿರುವಿನಲ್ಲಿ ಎದುರುಬದುರಾಗಿರಬೇಕು. ಅವರು ಮುಟ್ಟುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹಾಕಿದ್ದರಂತೆ.

ಊರಿಗೆ ತಂದು ಮಣ್ಣು ಮಾಡಿದರು. ನಾನು ದೂರದಲ್ಲಿ ಅವ್ವನ ಪಕ್ಕ ನಿಂತಿದ್ದೆ. ಅಳು ಬಂತು, ಅತ್ತೆ.

ನವೆಂಬರ್ 22, ಶುಕ್ರವಾರ

ಪ್ರಾಕ್ಟಿಕಲ್ ಇವತ್ತಿಗೆ ಮುಗಿಯಿತು. ಸುನೀತ ಆಮೇಲೆ ಬರಲೇ ಇಲ್ಲ. ಸಂಜೆ ನೀರಿನ ಟ್ಯಾಂಕ್ ಹತ್ತಿರ ಸಿಕ್ಕಳು. ಇಳಿದುಹೋಗಿದ್ದಾಳೆ.

"ಅಪ್ಪ ಅನ್ನನೇ ಮುಟ್ತಿಲ್ಲ ಕಣಮ್ಮಿ. ಮಗ ಬರ್ನಿಲ್ಲ ಅಂತ ನಿಮ್ಮವ್ವ ಬಾಳ ನೊಂದ್ಕಂಡಿದ್ರು, ಅದೇ ಕೊರಗಲ್ಲಿ ಓದ್ರು ಅಂತ ಸಿಸ್ಟರ್ ಏಳುದ್ರಂತ. ಕೋಸು ನೋಡ್ಕಂಡು ನಾನೇ ಅವ್ವನ ಸಾಯಿಸ್ಬುಟ್ಟಿ ಅಂತ ಗ್ವಾಡೆಗ ತಲೆ ಚಚ್ಕತರ."

ನನ್ನ ಕೊಡ ನಲ್ಲಿಗೆ ಹಿಡಿದೆ.

"ಕೊನೆಗಾಲ್ದಲ್ಲಿ ನೀನಾರ ಪಕ್ಕದಲ್ಲಿದ್ಯಲ್ಲ. ಅಷ್ಟೇ ನಮ್ ಪುಣ್ಯ" ಅಂದು ನನ್ನ ಭುಜಕ್ಕೆ ಒರಗಿದಳು. ಕೊಡ ತುಂಬಿ ಚೆಲ್ಲುತ್ತಿದ್ದರೂ ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ನವೆಂಬರ್ 25, ಸೋಮವಾರ

ತಿಥಿ ಇತ್ತು. ಅವ್ವ ಬೆಳಗಿನಿಂದ ಅವರ ಹಿತ್ತಲಲ್ಲಿ ಪಾತ್ರೆ ತಿಕ್ಕಿ, ಕೊನೆ ಪಂಕ್ತಿಯಲ್ಲಿ ಉಂಡು ಬಂದಳು. ಬಂದವಳೇ ಗೋಡೆಗೆ ಒರಗಿ ಕೂತಳು.

"ಯಾಕೋ ಸಂಕ್ಟ ಆಯ್ತಾ ಅದ ಕಣಮ್ಮಿ, ವಾಂತಿ ಬಂದಂಗ. ಒಸಿ ಜೀರ್ಗ ಕಾಯ್ಸು."

ಸ್ಟವ್ ಹಚ್ಚೋಕೆ ಎದ್ದೆ. ಕಡ್ಡಿ ಗೀರಿದೆ. ಬೆರಳು ಸುಟ್ಟಿತು.

ಸಂಕ್ಟ.

ಅಯ್ಯೋ ದೇವರೇ. ತಮಿಳಿನಲ್ಲಿ ಸಂಗಡಂ ಅಂದರೆ ಮನಸ್ಸಿಗೆ ಆಗುವ ಬೇಜಾರು. ನಮ್ಮ ಅಜ್ಜಿಯರು ಸಂಕ್ಟ ಅಂದರೆ ಹೊಟ್ಟೆ ತೊಳಸುವುದು, ಎದೆ ಹಿಂಡುವುದು, ಜೀವ ತಡೆಯದೆ ಇರುವುದು. ಹುಟ್ಟಿದಾಗಿನಿಂದ ಕೇಳಿದ ಮಾತು! ಅಜ್ಜಿ ಜೀವ ತಡೆಯುತ್ತಿಲ್ಲ ಅಂದಳು, ನಾನು ಬೇಜಾರಂತೆ ಅಂದೆ. ಆ ಬೆವರು ಸೆಕೆಯದ್ದಲ್ಲ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಬರಬಹುದು, ಬರೀ ಬೆವರು, ವಾಂತಿ ಬಂದ ಹಾಗೆ — ಪರೀಕ್ಷೆಯಲ್ಲಿ ಬರೆದಿದ್ದೆ. ಪೂರ್ತಿ ಮಾರ್ಕು ಕೊಟ್ಟಿದ್ದರು.

ಕೋಳಿ ಕಥೆ ಹೇಳುತ್ತಾ ಕೂತಿದ್ದೆ. ಥೂ.

ಅವ್ವನ ನಾಡಿ ಹಿಡಿದು ನೋಡಿದೆ, ಮತ್ತೆ ಮತ್ತೆ ನೋಡಿದೆ. ಉಬ್ಬರ ಅಷ್ಟೇ. ಜೀರಿಗೆ ನೀರು ಕುಡಿದು ಮಲಗಿದಳು.

ನವೆಂಬರ್ 27, ಬುಧವಾರ

ತಡೆಯೋಕಾಗದೆ ಶಾಂಭವಿ ಟೀಚರಿಗೆ ಹೇಳಿದೆ. ಅವರೂ ನಮ್ಮ ತಾಳವಾಡಿಯವರೇ, ಸಂಕ್ಟ ಅಂದಕೂಡಲೆ ಅರ್ಥವಾಯಿತು. ಲ್ಯಾಬಿನ ಬಾಗಿಲು ಹಾಕಿದರು.

"ನೋಡು ಮಮತಾ, ಅಲ್ಲಿ ಡಾಕ್ಟ್ರು ಇದ್ರು, ಸಿಸ್ಟರ್ ಇದ್ರು. ಎದ್ದು ಬಂದು ನೋಡ್ಬೇಕಾದೋರು ಅವ್ರು. ನೀನಿನ್ನೂ ಸ್ಟೂಡೆಂಟು. ಊರಲ್ಲಿ ಬಾಯ್ಬುಡ್ಬ್ಯಾಡ ಕಣವ್ವ. ಈಗ್ಲೇ ಎಣ್ಮಕ್ಳ ಈ ಗ್ರೂಪ್‌ಗ ಕಳ್ಸಕ ಇಂದೇಟಾಕ್ತರ. ನಾಳಿಕ್ಕ ಯಾರ್ ಕಳ್ಸರು? ನಿಮ್ಮಪ್ಪನ್ಗೂ ಅವ್ರ ಒಲನೇ ಗತಿ."

ಎಲ್ಲ ನಿಜ. ಸಿಟ್ಟು ಬಂತು, ಎಲ್ಲವೂ ನಿಜ ಅಂತಲೇ. ಟೀಚರ್ ಕಣ್ಣಲ್ಲೂ ನೀರಿತ್ತು.

ಸುಮ್ಮನಿದ್ದರೆ ನಾನು ನರ್ಸ್ ಆಗ್ತೀನಿ. ಸಿದ್ದೇಶಣ್ಣ? ಅವ್ವ ತನ್ನ ಮೇಲೆ ನೊಂದು ಸತ್ತಳು ಅಂತಲೇ ಬದುಕಬೇಕು.

ನವೆಂಬರ್ 30, ಶನಿವಾರ

ಅಪ್ಪ ಹೇಳಿದ: ಸಿದ್ದೇಶಣ್ಣ ಉಳಿದ ಕೋಸನ್ನೆಲ್ಲ ಟ್ರಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸಿಬಿಟ್ಟರಂತೆ. ಮಾರುವ ಹಾಗಿದ್ದ ಕೋಸು. ಇದನ್ನ ಕಂಡ್ರೇ ಆಗಲ್ಲ ಅಂದರಂತೆ. "ತಲೆ ಕೆಟ್ಟೋಗದ ಅವ್ರ್ಗ. ಇಂಗೇ ಆದ್ರ ಆ ಮನುಸ ಉಳಿಯಕಿಲ್ಲ" ಅಂದ.

ನಾಳೆ ಹೋಗ್ತೀನಿ.

ಡಿಸೆಂಬರ್ 1, ಭಾನುವಾರ

ಹೋದೆ. ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಗಡ್ಡ ಬೆಳೆದಿದೆ. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ಕೂತಿದ್ದರೆ ಹೇಳೋಕೆ ಆಗುತ್ತಿರಲಿಲ್ಲ.

"ಸಿದ್ದೇಶಣ್ಣ, ಅಜ್ಜಿ ನಿಮ್ ಮ್ಯಾಲ ನೊಂದ್ಕಳ್ನಿಲ್ಲ. ಸಂಕ್ಟ ಆಯ್ತಾ ಅದ ಅಂದ್ರು. ನಮ್ ಸಂಕ್ಟ. ನಾನೇ ಸಿಸ್ಟರ್‌ಗ ಸಂಗಡಂ, ಬೇಜಾರು ಅಂತ ತಪ್ಪಾಗಿ ಏಳ್ಬುಟ್ಟಿ."

ಅರ್ಥವಾಗಲು ಹೊತ್ತು ಹಿಡಿಯಿತು. ನಾನು ಇನ್ನೊಮ್ಮೆ ಹೇಳಿದೆ.

"ನನ್ ಮ್ಯಾಲ ಬೇಜಾರಿರ್ನಿಲ್ವಾ ಅವ್ವನ್ಗ?"

"ಇರ್ನಿಲ್ಲ. ಅಣ್ಣ ಬತ್ತರ ಅಂತ ನಾ ಅಂದಿ. ಊಂ ಅಂದ್ರು."

ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತರು. ಗಂಡಸರು ಹಾಗೆ ಅಳುವುದು ನೋಡಿರಲಿಲ್ಲ. ಆದರೂ ನನಗೆ ಹಗುರಾಯಿತು, ಸುಳ್ಳೇಕೆ. ಆಮೇಲೆ ಟವೆಲ್ ತೆಗೆದು ನನ್ನನ್ನು ನೋಡಿದರು.

"ಅಂಗಾರ... ನೀ ಸರಿಯಾಗಿ ಏಳಿದ್ರ, ಅವ್ವ ಉಳ್ಕತಿತ್ತಾ?"

ಗೊತ್ತಿಲ್ಲ ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. "ಉಳ್ಕಬೋದಿತ್ತು ಕಣಣ್ಣ" ಅಂದೆ.

ಬೈಯಲಿಲ್ಲ. ಹೊಲಕ್ಕೆ ನಿಮ್ಮಪ್ಪನ್ನ ಕಳಿಸಬೇಡ ಅಂತಲೂ ಅನ್ನಲಿಲ್ಲ. "ಓಗವ್ವ, ಮನ್ಗೋಗು" ಅಂದರು, ಅಷ್ಟೇ. ತಿರುಗಿದರೆ ಬಾಗಿಲಲ್ಲಿ ಸುನೀತ. ನನಗೆ ಅಂತ ಟೀ ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟ ಹಿಡಿದುಕೊಂಡೇ ಒಳಗೆ ಹೋದಳು.

ಮನೆಗೆ ಬಂದಾಗಿನಿಂದ ಇದೇ ಮೂಲೆಯಲ್ಲಿ ಕೂತಿದ್ದೇನೆ. ಕೋಟು ಒಗೆದು ಮಡಿಸಿಟ್ಟಿದ್ದೇನೆ. ನಾಳೆ ಸ್ಕೂಲಿಗೆ ಹೋಗುವುದೋ ಬೇಡವೋ ಗೊತ್ತಿಲ್ಲ. ಅವಳ ಪಕ್ಕ ಒಂದೇ ಬೆಂಚಲ್ಲಿ ಹೇಗೆ...

ಹೊರಗೆ ಯಾರೋ. ಅವ್ವ ಗಾಬರಿಯಲ್ಲಿ, "ಬನ್ನಿ ಬುದ್ಧಿ, ಕೂತ್ಕಳಿ" ಅಂತಿದ್ದಾಳೆ. ಸುನೀತಳ ದನಿ. ಕೂರಲ್ಲವಂತೆ. "ಮಮತಾ, ಒರ್ಗ ಬಾ" ಅಂತ ಕರೀತಿದ್ದಾಳೆ. ಅಮ್ಮಿ ಅನ್ನಲಿಲ್ಲ.

ಬೈಯಲಿ. ಹೊಡೆಯಲಿ. ನಾನು ಹೋಗ್ತೀನಿ.