ದೀಪದ ಹೊತ್ತಿನ ಬಾಗಿಲು

ತಿಕೋಟಾ, 11-8-2025, ಶ್ರಾವಣ ಸೋಮವಾರ

ಇಂದು ಒಪ್ಪತ್ತು. ಅಂಗಳ ಸಾರಿಸಿ, ಪೂಜೆ ಮುಗಿಸಿ, ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ಮರಳಿ ಬಂದ, ನಾವು ಮಾರಲು ಕೊಟ್ಟಿದ್ದ ಕಟಕ ರೊಟ್ಟಿಗಳನ್ನು ಮುಟ್ಟಿ ನೋಡಿದೆ. ಗರಿಗರಿಯಾಗಿರಬೇಕಾದವು, ಜಿಟಿಜಿಟಿ ಮಳೆಗೆ ಮತ್ತೆ ಮೆತ್ತಗಾಗಿವೆ. ಮನೆಯ ತೇವವನ್ನೆಲ್ಲ ಎಳೆಯುವ ಯಂತ್ರ ತಂದ ಮೇಲೂ ಹೀಗೆ!

ಸೊಸೆ ಶೈಲಾ ನಕ್ಕಳು: "ಅತ್ತಿ, ದೀಪಾ ಹಚ್ಚಿ ಲಕ್ಷ್ಮಿ ಬರ್ಲಿ ಅಂತ ದಿನಾ ಸಂಜಿಕ ಬಾಗಲಾ ತಗದಿಡ್ತೀರಿ. ಲಕ್ಷ್ಮಿಗಿಂತ ಮೊದ್ಲ ಹಸಿಗಾಳಿ ಬರ್ತೈತ್ರಿ. ಆ ಮಷಿನ್ ಊರೆಲ್ಲಾ ಒಣಗಸ್ಬೇಕೇನ್ರಿ?"

ಸಿಟ್ಟು ಬಂತು. ಆದರೆ ಸಂಜೆ ಬಾಗಿಲು ತೆಗೆದ ಮೇಲೆ ಯಂತ್ರದ ಡಬ್ಬಿ ನೀರಿನಿಂದ ತುಂಬಿದ್ದನ್ನು ಕಣ್ಣಾರೆ ಕಂಡೆ. ಇನ್ನೊಮ್ಮೆ ರೊಟ್ಟಿ ಮರಳಿದರೆ ಅಂಗಡಿಯವರು ನಮ್ಮನ್ನು ಬಿಟ್ಟೇಬಿಡುತ್ತಾರೆ. ರೊಟ್ಟಿ ಬಡಿಯಲು ಬರುವ ಹೆಣ್ಣುಮಕ್ಕಳಿಗೆ ಕೆಲಸ ತಪ್ಪುತ್ತದೆ. ನಾಳೆಯಿಂದ ಸಂಜೆ ಬಾಗಿಲು ಮುಚ್ಚುವುದೇ.

ಶೈಲಾ ಬೆಳಿಗ್ಗೆ ಮಠಕ್ಕೆ ಹೋಗಿ ಸ್ವಾಮಿಗಳಾದ ಅಜ್ಜಾರ ಉತ್ತರ ತರಲಿ. ಬಾಗಿಲು ಮುಚ್ಚಬಹುದೇ ಎಂದು ಕೇಳುವುದು ಬೇಡ; ಅದನ್ನು ನಾನೇ ನಿರ್ಧರಿಸಿಯಾಯಿತು. ಹೊಸ್ತಿಲ ಹೊರಗೆ ಯಾವ ಬದಿಗೆ ದೀಪವಿಡಲಿ, ಅಷ್ಟೇ ಕೇಳಲಿ.