ಎಂಟನೆಯ ಹಾಡಿನ ಖಾಲಿ ಸಾಲು

ಮಾರ್ಚ್ 3

ಆಲ್ಬಮ್‌ನ ಏಳನೆಯ ಹಾಡು ಮುಗಿಯಿತು. ಮೂರನೆಯ ತಂತಿ ಮತ್ತೆ ಕಿತ್ತುಹೋಯಿತು. ಬೆರಳ ತುದಿ ಬಿರಿದಿದೆ. ಪ್ಲಾಸ್ಟರ್ ಸುತ್ತಿಕೊಂಡೇ ನುಡಿಸಿದೆ.

ರೆಕಾರ್ಡ್ ಕಂಪನಿಯವರು ಬಂದಿದ್ದರು. "ಒಂದು ಬ್ಲೂಸ್, ಒಂದು ರಾಕ್, ಇನ್ನೊಂದು ಜೋಗುಳದ ಥರ... ಇದನ್ನ ಏನಂತ ಮಾರೋದಮ್ಮಾ?"

"ಕಲಬೆರಕೆ ಅಂತಲೇ ಬರೀರಿ. ಈ ಕಾಲದಲ್ಲಿ ಅದಕ್ಕೇ ಗಿರಾಕಿ ಜಾಸ್ತಿ."

ಗಾಜಿನ ಆಚೆ ಮೇಷ್ಟ್ರು ನಕ್ಕರು. ರೆಕಾರ್ಡಿಂಗ್ ಮಾಡುವವರು ಅವರೇ. ಯಾರ ಶ್ರುತಿ ತಪ್ಪಿದರೂ ಕಿವಿ ಹಿಂಡುತ್ತಾರೆ, ಅದಕ್ಕೇ ಆ ಹೆಸರು.

ಡ್ರಮ್ಸ್‌ಗೆ ಅವನೇ. ಐದು ವರ್ಷದ ಹಿಂದಿನವರೆಗೆ ನನ್ನ ಗಂಡ. ನನ್ನ ಗಿಟಾರ್ ಎಲ್ಲಿ ಎಡವುತ್ತದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲ.

ನಾಳೆ ಎಂಟನೆಯದು. ಮಗಳ ಹಾಡು. ಅವನು ರಾಗ ಮಾತ್ರ ಕೇಳಿದ್ದಾನೆ. ಸಾಹಿತ್ಯ ತೋರಿಸಿಲ್ಲ.

ಮಾರ್ಚ್ 4, ಮಧ್ಯಾಹ್ನ

ಎರಡನೆಯ ಚರಣದಲ್ಲಿ ಡ್ರಮ್ಸ್ ನಿಂತುಹೋಯಿತು.

"ನೀವಿಬ್ಬರೂ ಮನೆಗೆ ಹೋಗಿ, ನಾನು ಹಿಂದೆನೇ ಬರ್ತೀನಿ" ಎಂದು ಹಾಡಿದೆ. ತಿರುಗಿ ನೋಡಿದರೆ ಅವನು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ.

"ಇದು ನೀನು ಬರೆದಿದ್ದಾ?"

ಸುಳ್ಳು ಹೇಳಬಹುದಿತ್ತು. ಗಿಟಾರ್ ಕೆಳಗಿಟ್ಟೆ.

"ಅವಳು ಹೇಳಿದ್ದಾ? ಆಸ್ಪತ್ರೇಲಿ?"

ಹೌದೆಂದು ತಲೆಯಾಡಿಸಿದೆ.

"ನಾನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಏನೂ ಮಾತಾಡಲಿಲ್ಲ ಅಂದೆ ನೀನು. ಆರು ವರ್ಷ! ನನ್ನ ಮಗಳ ಕೊನೇ ಮಾತನ್ನ ಹೆಡ್‌ಫೋನ್‌ನಲ್ಲಿ ಕೇಳಬೇಕಾಯ್ತೇನೇ ನಾನು?"

ಮೇಷ್ಟ್ರು ಮೈಕ್ ಆಫ್ ಮಾಡಿ ಹೊರಗೆ ಹೋದರು. ಅವನೂ ಎದ್ದು ಹೋದ. ಕೋಟು ಇಲ್ಲೇ ಇದೆ.

ಮಾರ್ಚ್ 15

ಫೋನ್ ಎತ್ತುತ್ತಿಲ್ಲ. ಹನ್ನೊಂದು ದಿನ. ಮೇಷ್ಟ್ರು ಒಂಬತ್ತು, ಹತ್ತನೆಯ ಹಾಡನ್ನು ಬರೀ ಗಿಟಾರ್‌ನಲ್ಲೇ ಮುಗಿಸಿಕೊಟ್ಟರು. ಹೊರಡುವಾಗ, "ಹೋಗಿ ಮಾತಾಡಮ್ಮಾ. ಹಾಡು ಕಾಯುತ್ತೆ, ಮನುಷ್ಯ ಕಾಯಲ್ಲ" ಎಂದರು.

ಮಾರ್ಚ್ 16

ಹೋದೆ. ಅವನು ಪಾಠ ಹೇಳುವ ಸಂಗೀತ ಶಾಲೆ. ಮೆಟ್ಟಿಲ ಮೇಲೆ ಕೂತೆವು. ಕೋಟು ಕೊಟ್ಟೆ. ಮಡಿಚಿ ಪಕ್ಕಕ್ಕಿಟ್ಟ.

"ಸರಿಯಾಗಿ ಹೇಳು. ಹೇಗೆ ಹೇಳಿದಳು?"

ಹೇಳಿದೆ. ಬಿಳಿ ಹೊದಿಕೆಯ ಅಂಚು ಹಿಡಿದುಕೊಂಡಿದ್ದಳು. ನನ್ನ ಮುಖ ನೋಡಿ, ಅಮ್ಮಾ ನಿಂಗೆ ನಿದ್ದೆ ಬಂದಿದೆ ಅಂದಳು. ಆಮೇಲೆ ಆ ಮಾತು. ದೊಡ್ಡವರ ಹಾಗೆ, ಸಮಾಧಾನ ಮಾಡುವ ಹಾಗೆ. ಅವನು ಮೂರು ಸಲ ಹೇಳಿಸಿದ.

"ಯಾಕೆ ಹೇಳಲಿಲ್ಲ?"

"ಆ ಗಲಾಟೆಯಲ್ಲಿ ಮರೆತುಬಿಟ್ಟೆ."

ನಂಬಿದನೋ ಇಲ್ಲವೋ. "ನುಡಿಸ್ತೀನಿ. ಆದ್ರೆ ಆ ಸಾಲು ಬೇಡ. ಅವಳು ನಮಗೆ ಹೇಳಿದ್ದು, ಊರಿಗಲ್ಲ."

ಮಾರ್ಚ್ 19

ಒಂದೇ ಟೇಕ್. ಆ ಸಾಲಿನ ಜಾಗದಲ್ಲಿ ಬಾಯಿ ಮುಚ್ಚಿ ಗಿಟಾರ್ ನುಡಿಸಿದೆ. ಅವನು ಕೋಲು ಬಿಟ್ಟು ಬೆರಳಿನಿಂದ ತಟ್ಟಿದ, ಮಗುವನ್ನು ಮಲಗಿಸುವ ಹಾಗೆ. ಎದುರುಬದುರು ಕೂತಿದ್ದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಷ್ಟ್ರು ಯಾರ ಕಿವಿಯನ್ನೂ ಹಿಂಡಲಿಲ್ಲ.

ಮೇ 9, ಬೆಳಿಗ್ಗೆ

ಆಲ್ಬಮ್ ಇವತ್ತು ಹೊರಬಂತು. ಎಂಟನೆಯದನ್ನು ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದಾರಂತೆ. ಮಾತೇ ಇಲ್ಲದ ಆ ಜಾಗ ತುಂಬಾ ಚೆನ್ನಾಗಿದೆಯಂತೆ.

ಹತ್ತು ಗಂಟೆಗೆ ಅವನ ಫೋನ್.

"ಒಂದೇ ಮಾತು ಕೇಳ್ತೀನಿ. ನಿಜವಾಗ್ಲೂ ಮರೆತಿದ್ದಾ?"

"ಇಲ್ಲ."

ಬಾಯಿಗೆ ಬಂದೇಬಿಟ್ಟಿತು. ಎಲ್ಲವನ್ನೂ ಹೇಳಿದೆ. ನೀವಿಬ್ಬರೂ ಮನೆಗೆ ಹೋಗಿ ಅಂದಿದ್ದಳು ಅವಳು. ಅದನ್ನು ಕೇಳಿದ್ದರೆ ನೀನು ಮನೆ ಬಿಟ್ಟು ಹೋಗುತ್ತಿರಲಿಲ್ಲ. ನಿನ್ನ ಮುಖದಲ್ಲಿ ದಿನವೂ ಅವಳ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ನೀನು ಹೋಗಲಿ ಅಂತಲೇ ಮುಚ್ಚಿಟ್ಟೆ.



"ಅವಳ ಜೊತೆಗೇ ನನ್ನನ್ನೂ ಕಳಿಸಿಬಿಟ್ಟೆ," ಅಂದ.

ದನಿಯಲ್ಲಿ ಕೋಪ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೋನ್ ಇಟ್ಟಮೇಲೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಅವನು ಮನೆ ಬಿಟ್ಟ ದಿನ ಬಾಗಿಲಲ್ಲಿ ಒಂದು ಸಲ ನಿಂತು, ಏನಾದರೂ ಹೇಳು ಅನ್ನುವ ಹಾಗೆ ನನ್ನನ್ನೇ ನೋಡಿದ್ದ. ಆಗಲಾದರೂ ನಾನು ಆ ಮಾತನ್ನು ಹೇಳಬಹುದಿತ್ತು.