ಸೊಣ್ಣಪ್ಪ ಒರೆಸದೆ ಹೋದ ಅಕ್ಷರ

ಜೂನ್ ನಲವತ್ತೆಂಟು, 2391
ಕೋಲಾರದ ಹಳೆಯ ಗಣಿ, ನೆಲದಡಿಯ ಎರಡನೆಯ ಕೋಣೆ

ಈ ಬಾಗಿಲುಗಳ ಪ್ರೋಗ್ರಾಂ ಬರೆದವರಿಗೆ,

ತಾರೀಖು ನೋಡಿ ನಗಬೇಡಿ. ಮಳೆ ಬಾರದೆ ಜೂನ್ ಮುಗಿಯಬಾರದೆಂದು ನಮ್ಮಲ್ಲಿ ಕಾನೂನಿದೆ. ಮೇಲೆ ಮಳೆಯಾಗಿ ಜುಲೈ ಬಂದಿರಬೇಕು, ನನಗೆ ಮಾತ್ರ ಇನ್ನೂ ಜೂನ್. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ನಿಮ್ಮ ಪ್ರೋಗ್ರಾಮಿನ ಮೂಕಸಾಲುಗಳಲ್ಲಿ, ಅಂದರೆ ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಗಳಲ್ಲಿ, ಬರೆಯುತ್ತಿದ್ದೇನೆ. ನಮ್ಮಂಥವರಿಗೆ ಅಷ್ಟಕ್ಕೇ ಅನುಮತಿ. ಮೂಕಸಾಲುಗಳು ಕಾಲದಲ್ಲಿ ಹಿಂದಕ್ಕೆ ಹರಿದು ಮೊದಲ ಪ್ರತಿಯನ್ನು ಮುಟ್ಟುತ್ತವಂತೆ. ನಂಬದೆ ನನಗೆ ಬೇರೆ ಗತಿಯಿಲ್ಲ.

ನಮ್ಮ ಕಾಲದ ಬಿಸಿಲಿಗೆ ಹೊರಗೆ ನಿಂತರೆ ಜೀವ ಉಳಿಯುವುದಿಲ್ಲ. ಆದ್ದರಿಂದ ಬೇಸಗೆ ಪೂರ್ತಿ ಗಣಿಯೊಳಗೆ ಒಬ್ಬೊಬ್ಬರು ಒಂದೊಂದು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತೇವೆ. ಇದಕ್ಕೆ ಒಳಬೇಸಗೆ ಎನ್ನುತ್ತೇವೆ. ಹುರಿಹಿಟ್ಟು ಕಲಸಿ ತಿನ್ನುವುದು, ಒದ್ದೆ ಮರಳಿನಲ್ಲಿ ಕಾಲು ಹೂತು ಕೂರುವುದು, ಗೋಡೆಗೆ ಬಾಯಿಟ್ಟು ಪಕ್ಕದ ಮೂರನೇ ಕೋಣೆಯ ಚೌಡಕ್ಕನ ಜೊತೆ ಜಗಳವಾಡುವುದು, ಇಷ್ಟೇ ಬದುಕು. ಈಗ ಹುರಿಹಿಟ್ಟು ತಳ ಕಂಡಿದೆ. ಚೌಡಕ್ಕ ಜಗಳವನ್ನೂ ಕಡಿಮೆ ಮಾಡಿದ್ದಾಳೆ, ಅದೇ ನನಗೆ ಭಯ.

ನಮ್ಮ ಕೋಣೆಗಳ ಸಾಲನ್ನೆಲ್ಲ ನಿಮ್ಮ ಯಂತ್ರ ಒಂದು ಉದ್ದನೆಯ ಅಕ್ಷರಸಾಲಾಗಿ ಓದುತ್ತದೆ. ಜನರಿರುವ ಕೋಣೆಗೆ 'ಇ', ಖಾಲಿ ಕೋಣೆಗೆ 'ಖ'. ಮಳೆ ಬಿದ್ದ ಮೇಲೆ ದಿನವೂ ಬೆಳಿಗ್ಗೆ ಅದು ಸಾಲಿನ ಮೊದಲಿನಿಂದ 'ಇ' ಹುಡುಕುತ್ತದೆ, ಸಿಕ್ಕ ಮೊದಲನೆಯ ಕೋಣೆಯ ಬಾಗಿಲು ತೆರೆದು ಮಲಗಿಬಿಡುತ್ತದೆ. ಹೊರಡುವವರು ತಮ್ಮ ಕೋಣೆಯ ಗೋಡೆಯ ಮೇಲಿನ 'ಇ'ಯನ್ನು ಅಂಗೈಯಿಂದ ಒರೆಸಬೇಕು. ಮೊದಲ ಕೋಣೆಯ ಸೊಣ್ಣಪ್ಪ ಮಣ್ಣಿನ ವಾಸನೆ ಬಂದದ್ದೇ ತಡ, ಒರೆಸುವುದನ್ನು ಮರೆತು ಓಡಿದ. ಅಂದಿನಿಂದ ಪ್ರತಿ ಬೆಳಿಗ್ಗೆ ಅವನ ಖಾಲಿ ಕೋಣೆಯ ಬಾಗಿಲೇ ತೆರೆಯುವುದು ಗೋಡೆಯಾಚೆಯಿಂದ ಕೇಳುತ್ತದೆ. ಯಾರೂ ಬರದಿರುವುದನ್ನು ನೋಡಿ ಮೇಲೆ ಗಣಿಯ ಬಾಯಿ ಕಾಯುವವರು ಒಳಗೆ ಯಾರೂ ಉಳಿದಿಲ್ಲವೆಂದುಕೊಂಡಿರಬೇಕು. ನಾವು ಕೂಗಿದ್ದು ಬಂಡೆ ದಾಟುವುದಿಲ್ಲ. ಸೊಣ್ಣಪ್ಪನನ್ನು ಬೈದು ಬೈದು ಸುಸ್ತಾಯಿತು, ಈಗ ಸಿಟ್ಟೆಲ್ಲ ನಿಮ್ಮ ಮೇಲೆ. ಇನ್ನೊಂದೇ ಅಕ್ಷರ ಮುಂದೆ ನೋಡಿದ್ದರೆ ನಿಮ್ಮ ಯಂತ್ರಕ್ಕೆ ನಾನು ಸಿಗುತ್ತಿದ್ದೆ. ಒಂದು ಸಿಕ್ಕಿದರೆ ಸಾಕು ಎಂದು ನಿಮಗೆ ಹೇಳಿದವರು ಯಾರು?

ನನ್ನ ಬೇಡಿಕೆ ಇಷ್ಟೇ. ತೆರೆದ ಬಾಗಿಲಿನಿಂದ ಯಾರೂ ಬರದಿದ್ದರೆ ಮುಂದಿನ 'ಇ'ಯನ್ನು ಹುಡುಕು ಎಂದು ಒಂದು ಸಾಲು ಸೇರಿಸಿ. ನಾಳೆ ಬೆಳಿಗ್ಗೆ ನನ್ನ ಬಾಗಿಲು ಅಲುಗಿದರೆ ನೀವು ಇದನ್ನು ಓದಿದ್ದೀರೆಂದು ತಿಳಿಯುತ್ತೇನೆ. ಆದರೂ ಈ ಯಂತ್ರವನ್ನು ನಂಬಿ ನಾನು ಓಡುವುದಿಲ್ಲ, ಮೊದಲು ನನ್ನ 'ಇ'ಯನ್ನು ಒರೆಸುತ್ತೇನೆ. ಇದನ್ನು ಬರೆಯುವಾಗಲೂ ಚೌಡಕ್ಕ ಗೋಡೆ ಬಡಿಯುತ್ತಿದ್ದಾಳೆ: "ಒರೆಸ್ಬಿಟ್ಟು ಓಗಮ್ಮೋ. ನಿನ್ ಇಂದೆ ನಾನಿವ್ನಿ."

ನಾಚಾರಮ್ಮ